ಓಡಿಸುವ ಪಿರೋಗ್

ವಿಮಾನದ ಬಾಗಿಲಿನಿಂದ ಮೊದಲು ಹೊರಬಂದದ್ದು ಒಂದು ಶಾಲೆಯ ಚೀಲ. ನೀಲಿ ಬಣ್ಣದ್ದು, ಹೊಚ್ಚ ಹೊಸದು. ಅದರ ಹಿಂದೆ ಅದನ್ನು ಹಿಡಿದಿದ್ದ ಕೈ, ಕೈಯ ಹಿಂದೆ ತೆಳ್ಳಗಿನ ಹೆಂಗಸೊಬ್ಬಳು, ಅವಳ ಹಿಂದೆ ತಲೆ ಬಗ್ಗಿಸಿಕೊಂಡು ಎಫೀಮ. ಹುಲ್ಲುಬಯಲಿನ ಅಂಚಿನಲ್ಲಿ ನಿಂತಿದ್ದ ಉಸ್ತೀನ್ಯಳಿಗೆ ಆ ಚೀಲ ಕಂಡ ಕೂಡಲೇ ಎಲ್ಲವೂ ತಿಳಿದುಹೋಯಿತು. ತೀರಿಹೋದ ತಂಗಿಯ ಗಂಡ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದಿರುವುದು ಸುಮ್ಮನೆ ಊರು ತೋರಿಸಲಿಕ್ಕಲ್ಲ.

"ಯಾರ ಚೀಲ ದೊಡ್ಡಮ್ಮ ಅದು?" ಲೂಶ ಅವಳ ಲಂಗದ ಮರೆಯಿಂದ ಇಣುಕಿ ಕೇಳಿದಳು.

"ಅವರದ್ದೇ ಇರ್ಬೇಕು."

"ಅಷ್ಟು ದೊಡ್ಡೋರು ಸ್ಕೂಲಿಗೆ ಹೋಗ್ತಾರಾ?"

"ಅವರ ಕಡೆ ಯಾವುದೋ ಮಗೂಗೆ ಇರ್ಬೇಕು ಬಿಡು."

ಯೋಚಿಸದೆ ಬಾಯಿಗೆ ಬಂದ ಮಾತು. ಆದರೆ ಲೂಶ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಯಾವ ಮಾತನ್ನೂ ಹಾಗೆ ಸುಮ್ಮನೆ ಬಿಡುವ ಹುಡುಗಿಯಲ್ಲ. ಮುಂದಿನ ಹಲ್ಲು ಎರಡು ಬಿದ್ದಿದ್ದವು. ಆ ಸಂದಿಯಲ್ಲಿ ನಾಲಿಗೆ ತೂರಿಸಿಕೊಂಡು ಬಂದವರನ್ನು ಅಳೆಯುತ್ತ ನಿಂತಳು. ಎಫೀಮನನ್ನು 'ಅಪ್ಪ' ಎಂದು ಕರೆಯುವುದು ಅವಳಿಗೆ ಗೊತ್ತಿತ್ತು. ಬೇಸಿಗೆಗೊಮ್ಮೆ ಮಿಠಾಯಿ ಡಬ್ಬಿ ಹಿಡಿದು ಬಂದು ಹೋಗುವವನ ಹೆಸರು ಅದು ಎಂದೇ ಅವಳ ಲೆಕ್ಕ.

ತಂಗಿ ಗ್ಲಾಶ ಸತ್ತಾಗ ಅವಳ ಮಗಳು ಲೂಶ ಇನ್ನೂ ಸರಿಯಾಗಿ ನಡೆಯುತ್ತಿರಲಿಲ್ಲ. ಎಫೀಮ ಮೀನು ಹಿಡಿಯುವ ದೊಡ್ಡ ಹಡಗಿನಲ್ಲಿ ವರ್ಷದ ಮುಕ್ಕಾಲು ಭಾಗ ನೀರಿನ ಮೇಲೇ ಇರುವವನು. ಹಾಗಾಗಿ ಮಗು ತಾನಾಗಿಯೇ ಉಸ್ತೀನ್ಯಳ ಮಡಿಲಿಗೆ ಬಂತು. ಯಾರೂ ಏನೂ ತೀರ್ಮಾನ ಮಾಡಲಿಲ್ಲ. ಉಸ್ತೀನ್ಯಳಿಗೆ ಮದುವೆಯಾಗಿರಲಿಲ್ಲ, ಊರ ತುದಿಯ ಹವಾಮಾನ ಕೇಂದ್ರದಲ್ಲಿ ಕೆಲಸ. ಗಾಳಿ, ಮೋಡ, ಮಂಜು ನೋಡಿ ರೇಡಿಯೋದಲ್ಲಿ ಹೇಳಿದರೆ ಅದರ ಮೇಲೆ ಪಟ್ಟಣದಿಂದ ಆ ಪುಟ್ಟ ವಿಮಾನ ಬರುವುದೋ ಬಿಡುವುದೋ ನಿರ್ಧಾರವಾಗುತ್ತಿತ್ತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಅವಳು ಗಾಳಿಯ ದಿಕ್ಕು ನೋಡಿದ್ದಳು.

ಬಂದ ದಿನವೇ ಎಫೀಮ ಅವಳನ್ನು ಸಮುದ್ರದ ದಂಡೆಗೆ ಕರೆದ. ಬಲೆ ಒಣಹಾಕುವ ಗಳುಗಳ ಹತ್ತಿರ ನಿಂತು, ಅವಳ ಮುಖ ನೋಡದೆ, ನೀರಿನತ್ತ ನೋಡುತ್ತ ಹೇಳಿದ.

"ಅಕ್ಕ, ನಿಂಗಾಗ್ಲೇ ಗೊತ್ತಾಗಿದೆ."

"ಏನು?"

"ಗೊತ್ತಾಗಿದೆ ಬಿಡು. ವಿಮಾನದ ಹತ್ರಾನೇ ನಿನ್ನ ಮುಖ ನೋಡ್ದೆ." ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಪಟ್ಟಣದಲ್ಲಿ ಮನೆ ಸಿಕ್ಕಿದೆ. ಎರಡು ಕೋಣೆ. ಹಡಗಿನ ಕೆಲಸ ಬಿಟ್ಟೆ. ಈಗ ಬಂದರಲ್ಲಿ ಕ್ರೇನು. ಸಂಜೆ ಆದ್ರೆ ಮನೆಗೆ ಬರ್ತೀನಿ, ಎಲ್ಲರ ಥರ. ರಿಮ್ಮ ಒಳ್ಳೇವಳು. ಅವಳಿಗೆ ಮಕ್ಕಳಾಗಲ್ಲ ಅಂತ ಡಾಕ್ಟರು ಹೇಳಿದಾರೆ. ಅದಕ್ಕೇ ಅಂತಲ್ಲ... ಲೂಶ ನನ್ನ ಮಗಳು ಅಕ್ಕ. ಅವಳು ಇನ್ನೂ ನನ್ನನ್ನ ನೆಂಟರ ಥರ ನೋಡ್ತಾಳೆ."

ಅವನು ಕುಡುಕನಾಗಿದ್ದರೆ, ಒರಟನಾಗಿದ್ದರೆ, ಆ ಹೆಂಗಸು ಸಿಡುಕಿಯಾಗಿದ್ದರೆ ಉಸ್ತೀನ್ಯ ಜಗಳವಾಡಬಹುದಿತ್ತು. ಊರೆಲ್ಲ ತನ್ನ ಬೆನ್ನಿಗೆ ನಿಲ್ಲುತ್ತಿತ್ತು. ಅವನು ಹೇಳಿದ್ದರಲ್ಲಿ ಒಂದು ತಪ್ಪು ಮಾತೂ ಇರಲಿಲ್ಲ. ಅವಳು ಒದ್ದೆ ಬಲೆಯ ಗಂಟೊಂದನ್ನು ಹಿಡಿದುಕೊಂಡು ನಿಂತಳು.

"ಒಂದೇ ಒಂದು ಕೇಳ್ಕೋತೀನಿ," ಎಂದ ಎಫೀಮ. "ನಮ್ಮ ಜೊತೆ ಬರ್ಬೇಕು ಅಂತ ನೀನೇ ಅವಳಿಗೆ ಹೇಳು. ನನ್ನ ಬಾಯಿಂದ ಬಂದ್ರೆ ಹೆದರ್ತಾಳೆ. ನೀನು ಹೇಳೋತನಕ ನಾವು ತುಟಿ ಬಿಚ್ಚಲ್ಲ. ಆ ಚೀಲಾನೂ ಕೊಡಬೇಡ ಅಂತ ರಿಮ್ಮಂಗೆ ಹೇಳಿದೀನಿ."

"ಹೇಳ್ತೀನಿ," ಎಂದಳು ಉಸ್ತೀನ್ಯ.

"ಅವಸರ ಇಲ್ಲ. ಹೇಗೂ ಮೊರೋಶ್ಕಾ ಪಿರೋಗ್ ತಿನ್ನದೆ ನಾನು ಹೊರಡಲ್ಲ, ಅದು ನಿಂಗೂ ಗೊತ್ತು."

ಅವಳಿಗೆ ಗೊತ್ತಿತ್ತು. ಆ ಕ್ಷಣದವರೆಗೆ ಅದು ನೆನಪಿಗೆ ಬಂದಿರಲಿಲ್ಲ, ಅಷ್ಟೆ.

ಅವರ ಊರಾದ ಸೊಸ್ನವೊಲೊಕ್‌ನಲ್ಲಿ ನೆಂಟರು ತಾವಾಗಿ ಎದ್ದು ಹೋಗುವುದಿಲ್ಲ. ಹೋಗಿ ಎಂದು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಬಂದ ದಿನ ಮೇಜಿಗೆ ಮೀನಿನ ಪಿರೋಗ್ ಬರುತ್ತದೆ, ಒಲೆಯಲ್ಲಿ ಬೇಯಿಸಿದ ಹಿಟ್ಟಿನ ಹೊದಿಕೆಯೊಳಗೆ ತಲೆ ಬಾಲ ಸಮೇತ ಇಡೀ ಮೀನು. ಆಮೇಲೆ ಕೋಸಿನದು, ಅಣಬೆಯದು, ಬಾರ್ಲಿ ಗಂಜಿಯದು. ಕಟ್ಟಕಡೆಗೆ ಮೊರೋಶ್ಕಾ ಹಣ್ಣಿನದು, ಮುಚ್ಚಳವಿಲ್ಲದೆ, ಹುಳಿ ಕೆನೆಯ ಮೇಲೆ ಹೊಂಬಣ್ಣದ ಹಣ್ಣುಗಳು ಒತ್ತೊತ್ತಾಗಿ ಕೂತು. ಅದು ಮೇಜಿಗೆ ಬಂತೆಂದರೆ ಆತಿಥ್ಯ ಮುಗಿಯಿತು. ನೆಂಟರು ತಿಂದು, ಕೈ ಒರೆಸಿಕೊಂಡು, ಚಹಾದ ಬಟ್ಟಲನ್ನು ಮಗುಚಿ ಇಟ್ಟು ಏಳುತ್ತಾರೆ. ಊರಿನವರು ಅದನ್ನು ಓಡಿಸೋ ಪಿರೋಗ್ ಎನ್ನುತ್ತಾರೆ. ಅದು ಬರುವ ಮುಂಚೆ ಎದ್ದವನು ಮನೆಯವರ ಮುಖಕ್ಕೆ ಹೊಡೆದ ಹಾಗೆ. ಅದನ್ನು ತಿನ್ನದೆ ಸಮುದ್ರಕ್ಕೆ ಇಳಿದವನಿಗೆ ಒಳ್ಳೆಯದಾಗುವುದಿಲ್ಲ ಎಂದೂ ಒಂದು ನಂಬಿಕೆ. ಎಫೀಮ ಒಮ್ಮೆ ಮಾತ್ರ ಹಾಗೆ ಹೊರಟಿದ್ದ. ಹಡಗು ಕಾಯುತ್ತಿದೆ ಎಂದು ಅವಸರದಲ್ಲಿ, ಗ್ಲಾಶ ಹಿಟ್ಟು ಕಲಸುತ್ತಿದ್ದಾಗಲೇ ಅವಳ ಕೆನ್ನೆಗೆ ಮುತ್ತಿಟ್ಟು ಓಡಿದ್ದ. ಮತ್ತೆ ಅವಳನ್ನು ನೋಡಲಿಲ್ಲ.

ಮೊರೋಶ್ಕಾ ಇನ್ನೂ ಹಣ್ಣಾಗಿರಲಿಲ್ಲ. ಹೋದ ವರ್ಷ ಹಣ್ಣನ್ನು ನೀರಿನಲ್ಲಿ ಹಾಕಿಟ್ಟಿದ್ದ ಪೀಪಾಯಿ ಈಸ್ಟರ್‌ಗೇ ಬರಿದಾಗಿತ್ತು. ಉಸ್ತೀನ್ಯ ದಂಡೆಯಿಂದ ಮನೆಗೆ ಬಂದವಳೇ ಪೀಪಾಯಿಯ ಮುಚ್ಚಳ ತೆಗೆದು ಒಳಗೆ ನೋಡಿ, ಬರಿದಾಗಿಯೇ ಇದೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಮುಚ್ಚಿದಳು.

ಹೀಗೆ ಕಾಯುವುದು ಶುರುವಾಯಿತು. ಮೀನಿನದಾಯಿತು, ಕೋಸಿನದಾಯಿತು. ಅಣಬೆಯದು ಎರಡು ಸಲ ಆಯಿತು. ರಿಮ್ಮ ಪ್ರತಿಯೊಂದನ್ನೂ ಹೊಗಳಿ ತಿಂದಳು. ಪಟ್ಟಣದ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ರಜೆ ಮುಗಿಯುತ್ತ ಬಂದಿತ್ತು, ಆದರೂ ಗಂಡನ ಊರಿನ ರೀತಿ ಕೆಡಿಸಬಾರದೆಂದು ತಾಳ್ಮೆಯಿಂದಿದ್ದಳು.

"ಉಸ್ತೀನ್ಯ ಸಾವಿಚ್ನ, ನಾನು ಪಾತ್ರೆ ತೊಳೀಲಾ?"

"ಬೇಡಮ್ಮ, ಕೂತ್ಕೋ. ನೀನು ನೆಂಟಳು."

"ಅಕ್ಕ ಅನ್ನು ಮಾರಾಯ್ತಿ," ಎಂದು ಎಫೀಮ ನಕ್ಕ. "ಅಪ್ಪನ ಹೆಸರು ಸೇರಿಸಿ ಕರೆದ್ರೆ ಅವಳಿಗೆ ಜಿಲ್ಲಾ ಸಾಹೇಬ್ರು ಬಂದಂಗೆ ಅನ್ಸುತ್ತೆ."

"ಅಕ್ಕ," ಎಂದಳು ರಿಮ್ಮ ಮೆಲ್ಲಗೆ. ಆಮೇಲೆ, ಲೂಶ ಹೊರಗೆ ಹೋದದ್ದನ್ನು ನೋಡಿಕೊಂಡು, "ಅವಳಿಗೆ ಹೇಳಿದ್ರಾ?" ಎಂದಳು.

"ಹೇಳ್ತೀನಿ."

"ನಾನು ಅವಳ ಅಮ್ಮ ಆಗ್ತೀನಿ ಅಂತ ಬಂದಿಲ್ಲ. ಅವಳಿಗೆ ಅಮ್ಮ ಯಾರು ಅಂತ ನಂಗೆ ಕಾಣುತ್ತೆ. ಬೇಸಿಗೆ ಪೂರ್ತಿ ಇಲ್ಲೇ ಇರ್ಲಿ, ಪ್ರತಿ ವರ್ಷಾನೂ." ಅವಳ ಕಣ್ಣು ತುಂಬಿದ್ದವು. ಉಸ್ತೀನ್ಯ ಒಲೆಯ ಕಡೆ ತಿರುಗಿ ಬೂದಿ ಕೆದಕಿದಳು. ಒಲೆ ಆಗಲೇ ಆರಿತ್ತು.

ಹೇಳಬೇಕು ಎಂದು ಅವಳು ಪ್ರತಿ ಬೆಳಿಗ್ಗೆ ನಿರ್ಧರಿಸುತ್ತಿದ್ದಳು. ಲೂಶಳ ಜಡೆ ಹೆಣೆಯುವಾಗ ಹೇಳುವುದು ಸರಿ, ಆಗ ಮುಖ ಕಾಣುವುದಿಲ್ಲ. ಮೂರು ಎಳೆ ಹಿಡಿದು, ಮೊದಲ ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಲೂಶ ಏನಾದರೂ ಕೇಳುತ್ತಿದ್ದಳು.

"ದೊಡ್ಡಮ್ಮ, ಇವರು ಯಾವಾಗ ಹೋಗ್ತಾರೆ?"

"ಯಾಕೆ ಹಾಗಂತೀಯ? ಅಪ್ಪ ಅಲ್ವಾ?"

"ಅಪ್ಪ ಸರಿ. ಅವರು ನನ್ನ ಹಾಸಿಗೇಲಿ ಮಲಗ್ತಾರೆ. ಆಮೇಲೆ ಆ ಆಂಟಿ ನನ್ನನ್ನ ನೋಡ್ತಾನೇ ಇರ್ತಾರೆ. ನಾನು ಉಗುರು ಕಚ್ಚಿದ್ರೂ ನೋಡ್ತಾರೆ. ನೀನೂ ಇವರು ಬಂದಾಗಿಂದ ಸರಿಯಾಗಿ ನಗ್ತಿಲ್ಲ."

"ನಗ್ತಿದೀನಲ್ಲ."

"ಹಲ್ಲು ಮಾತ್ರ ಕಾಣ್ತವೆ," ಎಂದಳು ಲೂಶ.

ಜಡೆ ಮುಗಿದುಹೋಗುತ್ತಿತ್ತು.

ಪಕ್ಕದ ಮನೆಯ ಫ್ಯೋಕ್ಲಜ್ಜಿಗೆ ಎಲ್ಲವೂ ಗೊತ್ತಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ಬೇಲಿಗೆ ಮೊಣಕೈ ಊರಿ ಅವಳು ಉಸ್ತೀನ್ಯಳನ್ನು ತಡೆದು ನಿಲ್ಲಿಸುತ್ತಿದ್ದಳು.

"ಏನೇ, ಇನ್ನೂ ಬಾರ್ಲಿ ಗಂಜೀದೇ ನಡೀತಿದೆಯಾ? ಪಾಪ, ಆ ಪಟ್ಟಣದ ಹುಡುಗಿ ಉಬ್ಬಿ ಹೋಗ್ತಾಳೆ, ವಿಮಾನದ ಬಾಗಿಲಲ್ಲಿ ಹಿಡಿಸಲ್ಲ."

"ಹಣ್ಣಾಗಿಲ್ವಲ್ಲ ಅಜ್ಜಿ."

"ಹಣ್ಣಾಗದೆ ಇರೋದು ನಿಂದು ಕಣೇ, ಮೊರೋಶ್ಕಾ ಅಲ್ಲ." ಅಜ್ಜಿ ಬಾಯೊಳಗಿನ ಸೂರ್ಯಕಾಂತಿ ಸಿಪ್ಪೆ ಉಗಿದಳು. ಆಮೇಲೆ ದನಿ ತಗ್ಗಿಸಿದಳು. "ನಿನ್ನ ಕೈಲೇ ಇದೆಯಲ್ಲ. ಮಂಜು ಬಿದ್ದಿದೆ, ಇಳಿಯೋಕಾಗಲ್ಲ ಅಂತ ರೇಡಿಯೋದಲ್ಲಿ ಹೇಳು. ಈ ವಾರ ಮಂಜು, ಮುಂದಿನ ವಾರ ಮಂಜು. ಅಷ್ಟರಲ್ಲಿ ಅವಳ ರಜಾ ಮುಗಿಯುತ್ತೆ. ಯಾರು ಬಂದು ನೋಡ್ತಾರೆ?"

"ಹಾಗನ್ಬೇಡಿ ಅಜ್ಜಿ."

"ಯಾಕೆ?"

"ನಿಮಗೆ ಗೊತ್ತು ಯಾಕೆ ಅಂತ."

ಅಜ್ಜಿಗೆ ಗೊತ್ತಿತ್ತು. ಗ್ಲಾಶ ಹೊಟ್ಟೆ ಹಿಡಿದುಕೊಂಡು ಬಿದ್ದ ದಿನ ನಿಜವಾಗಿಯೂ ಮಂಜಿತ್ತು. ಕೈ ಚಾಚಿದರೆ ಬೆರಳು ಕಾಣದಂಥ ಮಂಜು, ಸಮುದ್ರದಿಂದ ಎದ್ದು ಬಯಲಿನ ಮೇಲೆ ಕೂತುಬಿಟ್ಟಿತ್ತು. ಪಟ್ಟಣದಲ್ಲಿ ವಿಮಾನ ಸಿದ್ಧವಾಗಿ ನಿಂತಿತ್ತು. ಇಳಿಯಬಹುದೇ, ಇಳಿಯಬಹುದೇ ಎಂದು ರೇಡಿಯೋ ಕೇಳುತ್ತಲೇ ಇತ್ತು. ಇಲ್ಲ ಎಂದು ಹೇಳಿದ್ದು ಉಸ್ತೀನ್ಯಳ ಬಾಯಿ. ಅದನ್ನೇ ಹೇಳಬೇಕಿತ್ತು. ಇಳಿದಿದ್ದರೆ ವಿಮಾನದಲ್ಲಿದ್ದವರೂ ಉಳಿಯುತ್ತಿರಲಿಲ್ಲ. ಮಂಜು ಕರಗುವಷ್ಟರಲ್ಲಿ ಗ್ಲಾಶ ಇರಲಿಲ್ಲ. ಅಂದಿನಿಂದ ಇಲ್ಲದ ಮಂಜನ್ನು ಇದೆ ಎಂದು ಹೇಳುವುದು ಅವಳ ನಾಲಿಗೆಗೆ ಸಾಧ್ಯವಿರಲಿಲ್ಲ. ಇನ್ನೆಲ್ಲೋ, ಇನ್ಯಾವ ಮನೆಯಲ್ಲೋ, ಯಾರೋ ಹೊಟ್ಟೆ ಹಿಡಿದುಕೊಂಡು ಆ ವಿಮಾನಕ್ಕೆ ಕಾಯುತ್ತಿರಬಹುದು.

ಆಕಾಶದ ಬಗ್ಗೆ ಸುಳ್ಳು ಹೇಳಲಾರಳು. ಹಣ್ಣಿನ ಬಗ್ಗೆ ಹೇಳಬಲ್ಲಳು.

ಒಂದು ದಿನ ಎಫೀಮ ತಾನೇ ಬುಟ್ಟಿ ಹಿಡಿದು ಹೊರಟ. "ಜೌಗಿನ ಕಡೆ ಒಂದು ಸುತ್ತು ಹಾಕಿ ಬರ್ತೀನಿ ಅಕ್ಕ. ಇಷ್ಟು ಬಿಸಿಲಿಗೆ ಬಣ್ಣ ತಿರುಗಿರ್ಬೇಕು."

"ನೀನು ಕೂತ್ಕೋ," ಎಂದಳು ಉಸ್ತೀನ್ಯ ಬೇಗ ಬೇಗ. "ನೆಂಟರ ಕೈಲಿ ಅವರದೇ ಪಿರೋಗ್‌ಗೆ ಹಣ್ಣು ಕೀಳಿಸಿದೆ ಅಂತ ಊರು ನಗುತ್ತೆ. ನಾನೂ ಲೂಶಾನೂ ಹೋಗ್ತೀವಿ."

ಊರ ಹಿಂದೆ ಪೈನ್ ಮರಗಳು ಮುಗಿದ ಮೇಲೆ ಜೌಗು ಶುರುವಾಗುತ್ತದೆ. ಕಾಲಿಟ್ಟಲ್ಲೆಲ್ಲ ಪಾಚಿ ಮೆತ್ತಗೆ ಒಳಗೆ ಹೋಗಿ, ಬೂಟಿನ ಸುತ್ತ ತಣ್ಣನೆಯ ನೀರು ಮೇಲೇಳುತ್ತದೆ. ಸೊಳ್ಳೆಗಳು ಕಿವಿಯ ಹತ್ತಿರವೇ ಗುಂಯ್‌ಗುಡುತ್ತಿದ್ದವು. ಮೊರೋಶ್ಕಾ ಮೊದಲು ಕೆಂಪಾಗುತ್ತದೆ. ತಿಳಿಯದವರು ಅದನ್ನೇ ಹಣ್ಣೆಂದು ಕಿತ್ತು ಬಾಯಿಗೆ ಹಾಕಿಕೊಂಡು ಉಗುಳುತ್ತಾರೆ. ಕೆಂಪು ಕಳೆದು, ಮೆತ್ತಗಾಗಿ, ದೀಪದ ಬಣ್ಣಕ್ಕೆ ಬಂದರೆ ಆಗ ಅದು ಹಣ್ಣು.

ಹತ್ತಿರದ ಜೌಗಿನಲ್ಲಿ ಎಲ್ಲವೂ ಕೆಂಪಗೇ ಇದ್ದವು. ತೊಟ್ಟಿನ ಪುಟ್ಟ ಎಲೆಗಳು ಕಾಯಿಯನ್ನು ಇನ್ನೂ ಮುಷ್ಟಿಯಂತೆ ಬಿಗಿಹಿಡಿದಿದ್ದವು. ಉಸ್ತೀನ್ಯಳಿಗೆ ಉಸಿರು ಬಂದಂತಾಯಿತು.

"ನೋಡ್ದೆಯಾ, ಆಗಿಲ್ಲ. ನಡಿ ಹೋಗೋಣ."

"ಕೆರೆ ಆಚೆ ಆಗಿರ್ತವೆ," ಎಂದಳು ಲೂಶ. "ಅಲ್ಲಿ ಬಿಸಿಲು ಜಾಸ್ತಿ. ಹೋದ ವರ್ಷ ಅಲ್ಲೇ ಅಲ್ವಾ ಮೊದಲು ಕಿತ್ತಿದ್ದು?"

"ಅಲ್ಲೂ ಆಗಿರಲ್ಲ."

"ನೋಡೋಣ ಬಾ."

"ಅಲ್ಲಿ ಕರಡಿ ಓಡಾಡ್ತಿದೆಯಂತೆ."

ಲೂಶ ನಿಂತು ಅವಳನ್ನು ನೋಡಿದಳು. ಅವಳಿಗೆ ಕರಡಿಯೆಂದರೆ ಹೆದರಿಕೆ ಇರಲಿಲ್ಲ, ದೊಡ್ಡಮ್ಮನಿಗೂ ಇಲ್ಲವೆಂದು ಗೊತ್ತಿತ್ತು. ಸ್ವಲ್ಪ ಹೊತ್ತು ಪಾಚಿಯನ್ನು ಕಾಲಿನಿಂದ ಒತ್ತುತ್ತ ಪಚಪಚ ಸದ್ದು ಮಾಡಿದಳು.

"ದೊಡ್ಡಮ್ಮ, ಮೊರೋಶ್ಕಾ ಪಿರೋಗ್ ಮಾಡಿದ್ರೆ ಅವರು ಹೋಗ್ತಾರಾ?"

"ಹೂಂ."

"ನಿಜವಾಗ್ಲೂ? ಆವತ್ತೇ?"

"ಹೂಂ, ಹೋಗ್ತಾರೆ."

ಅಲ್ಲಿಗೆ ನಿಲ್ಲಿಸಬಾರದಿತ್ತು. ಅವರು ಹೋಗುವಾಗ ನೀನೂ ಅವರ ಜೊತೆ ಹೋಗಬೇಕು ಕಂದ ಎಂದಷ್ಟೇ ಹೇಳುವುದು ಉಳಿದಿತ್ತು. ಸುತ್ತ ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಜಾಗವಾಗಲಿ ಹೊತ್ತಾಗಲಿ ಸಿಗುವಂತಿರಲಿಲ್ಲ. ಉಸ್ತೀನ್ಯ ಬಾಯಿ ತೆರೆದಳು. ಅಷ್ಟರಲ್ಲಿ ಲೂಶ ಬಗ್ಗಿ ಅವಳ ಬೂಟಿಗೆ ಅಂಟಿದ್ದ ಜಿಗಣೆಯಂಥ ಹುಲ್ಲನ್ನು ಕಿತ್ತು ಎಸೆದು, ಅವಳ ಕೈ ಹಿಡಿದುಕೊಂಡಳು. ಆ ಕೈ ಒದ್ದೆಯಾಗಿ ಬೆಚ್ಚಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು ಉಸ್ತೀನ್ಯ. ಕೆರೆಯಾಚೆ ಅವಳು ಮೊನ್ನೆಯೇ ಹೋಗಿ ನೋಡಿದ್ದಳು. ಅಲ್ಲಿ ಜೌಗಿಗೆ ಜೌಗೇ ಹೊಂಬಣ್ಣಕ್ಕೆ ತಿರುಗಿತ್ತು.

"ಇನ್ನೂ ಕೆಂಪಗಿವೆ," ಎಂದು ಮನೆಗೆ ಬಂದು ಹೇಳಿದಳು. ರಿಮ್ಮ ಕಿಟಕಿಯ ಕಡೆ ಮುಖ ಮಾಡಿದಳು. ಲೂಶ ಬರಿದಾದ ಬುಟ್ಟಿಯನ್ನು ಬಾಗಿಲ ಪಕ್ಕದಲ್ಲೇ ಇಟ್ಟಳು.

ವಿಮಾನ ಬರಬೇಕಿದ್ದ ದಿನ ಬೆಳಗಾಗುತ್ತಲೇ ಆಕಾಶ ತೊಳೆದಿಟ್ಟಂತಿತ್ತು. ಉಸ್ತೀನ್ಯ ಹವಾಮಾನ ಕೇಂದ್ರಕ್ಕೆ ಹೋಗಿ ಗಾಳಿ ನೋಡಿದಳು, ದೂರದ ದ್ವೀಪದ ದೀಪಸ್ತಂಭ ನೋಡಿದಳು. ಅದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು. ರೇಡಿಯೋದಲ್ಲಿ ಮಾತಾಡುವಾಗ ಅವಳ ದನಿ ನಡುಗಲಿಲ್ಲ. ಮೋಡವಿಲ್ಲ, ಮಂಜಿಲ್ಲ, ಗಾಳಿ ಹಗುರ, ಇಳಿಯಬಹುದು. ವಿಮಾನ ಬಂದರೆ ಬರಲಿ. ಬಂದು ಅಂಚೆ ಚೀಲ ಇಳಿಸಿ ಬರಿದಾಗಿ ಹೋಗುತ್ತದೆ. ಪಿರೋಗ್ ಇಲ್ಲದೆ ಎಫೀಮ ಹೊರಡುವುದಿಲ್ಲ. ಮುಂದಿನ ವಿಮಾನಕ್ಕೆ ಇನ್ನೊಂದು ವಾರ. ಆ ವಾರದಲ್ಲಿ ಖಂಡಿತ ಹೇಳುತ್ತೇನೆ. ಹಾಗೆಂದು ಅವಳು ತನಗೇ ಮಾತು ಕೊಟ್ಟಳು. ಆ ದಿನವಿಡೀ ಅವಳಿಗೆ ಸಿಕ್ಕ ಸಮಾಧಾನ ಅದೊಂದೇ.

ಮನೆಯ ಮೆಟ್ಟಿಲು ಹತ್ತುವಾಗ ಆ ವಾಸನೆ ಮೂಗಿಗೆ ಬಡಿಯಿತು. ಬೆಂದ ರೈ ಹಿಟ್ಟು, ಕಾದ ಕೆನೆ, ಅದರ ಹಿಂದೆ ಜೇನಿನಂಥ, ಜೌಗಿನಂಥ ಆ ಹುಳಿ. ಬೇರೆ ಯಾವ ಹಣ್ಣಿಗೂ ಆ ವಾಸನೆ ಇಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಒಲೆಯ ಮುಂದೆ ಫ್ಯೋಕ್ಲಜ್ಜಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಲೂಶಳ ಕೆನ್ನೆ ಮೇಲೆಲ್ಲ ಸೊಳ್ಳೆ ಕಡಿತ, ಲಂಗ ಸೊಂಟದವರೆಗೆ ಒದ್ದೆ.

"ಕೆರೆ ಆಚೆ ಹೋಗಿದ್ದೆಯಾ?" ಉಸ್ತೀನ್ಯಳ ದನಿ ಅವಳಿಗೇ ಕೇಳಿಸಲಿಲ್ಲ.

"ಒಬ್ಬಳೇ!" ಲೂಶ ಹೆಮ್ಮೆಯಿಂದ ಹೇಳಿದಳು. "ನೀವೆಲ್ಲ ಏಳೋಕೆ ಮುಂಚೆ. ಕರಡಿ ಇರಲಿಲ್ಲ."

ಫ್ಯೋಕ್ಲಜ್ಜಿ ಉಸ್ತೀನ್ಯಳ ಮುಖ ನೋಡಿ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. ಅವಳನ್ನು ಮೂಲೆಗೆ ಎಳೆದುಕೊಂಡು ಪಿಸುಗುಟ್ಟಿದಳು. "ಏನೇ ಇದು? ಬುಟ್ಟಿ ತುಂಬ ಹಣ್ಣು ತಂದು 'ಅಜ್ಜಿ, ಓಡಿಸೋ ಪಿರೋಗ್ ಮಾಡ್ಕೊಡು, ದೊಡ್ಡಮ್ಮಂಗೆ ಗೊತ್ತು' ಅಂದ್ಲು. ಅಂತೂ ಹೇಳಿದೀಯ, ಮಗೂನೇ ಒಪ್ಕೊಂಡಿದೆ ಅಂದ್ಕೊಂಡೆ. ಹೇಳಿಲ್ವಾ?"

ಉಸ್ತೀನ್ಯ ಇಲ್ಲವೆಂದು ತಲೆಯಾಡಿಸಿದಳು.

"ಅಯ್ಯೋ ದೇವರೇ," ಎಂದಳು ಅಜ್ಜಿ. "ಅಯ್ಯೋ ಹುಡುಗಿ."

ಆಗಲೇ ಲೂಶ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದಳು. ಅವಳ ತೋಳಿಗೆ ಅದು ದೊಡ್ಡದು. ಹೊಟ್ಟೆಗೆ ಆನಿಸಿಕೊಂಡು, ನಾಲಿಗೆಯನ್ನು ಹಲ್ಲಿನ ಸಂದಿಗೆ ಸಿಕ್ಕಿಸಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಒಳಕೋಣೆಗೆ ನಡೆದಳು. ಅಂಚು ಒಂದು ಕಡೆ ಸುಟ್ಟಿತ್ತು. ಹಣ್ಣುಗಳು ಕೆನೆಯಲ್ಲಿ ಅರ್ಧ ಮುಳುಗಿ ಹೊಳೆಯುತ್ತಿದ್ದವು. ತಡೆಯಬೇಕು ಎಂದು ಉಸ್ತೀನ್ಯಳಿಗೆ ಅನ್ನಿಸಿತು. ಏನೆಂದು ತಡೆಯುವುದು? ತಟ್ಟೆ ಕಿತ್ತುಕೊಂಡರೆ ಅದು ಬಿಸಿಯಾಗಿದೆ, ಮಗುವಿನ ಕಾಲ ಮೇಲೆ ಬಿದ್ದೀತು. ಅವಳು ಎರಡೂ ಕೈಯನ್ನು ಮುಂದೆ ಚಾಚಿಕೊಂಡು, ಮಗುವನ್ನೂ ಮುಟ್ಟದೆ ತಟ್ಟೆಯನ್ನೂ ಮುಟ್ಟದೆ, ಹಿಂದೆ ಹಿಂದೆಯೇ ನಡೆದಳು.

ಲೂಶ ಪಿರೋಗನ್ನು ಮೇಜಿನ ನಡುವೆ ಇಟ್ಟಳು. "ತಗೊಳ್ಳಿ," ಎಂದಳು. "ಮೊರೋಶ್ಕಾದು. ನಾನೇ ಕಿತ್ತಿದ್ದು."

ಎಫೀಮ ಎದ್ದು ನಿಂತ. ಪಿರೋಗ್ ನೋಡಿದ, ಮಗಳನ್ನು ನೋಡಿದ, ಬಾಗಿಲಲ್ಲಿದ್ದ ಉಸ್ತೀನ್ಯಳನ್ನು ನೋಡಿದ.

"ನೀನೇ ತಂದ್ಯಾ ಕಂದ? ನೀನೇ?"

"ಹೂಂ. ನಂದೇ ಐಡಿಯಾ."

"ಬೇಜಾರಿಲ್ವಾ ನಿಂಗೆ?"

"ಇಲ್ಲಪ್ಪ!" ಲೂಶ ಆಶ್ಚರ್ಯದಿಂದ ಅವನನ್ನು ನೋಡಿದಳು. "ಯಾಕೆ ಬೇಜಾರು?"

ರಿಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಳುತ್ತಿದ್ದಳು. ಎಫೀಮ ಮೇಜು ಬಳಸಿ ಬಂದು ಉಸ್ತೀನ್ಯಳನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡ. "ಅಕ್ಕ, ಹೇಗೆ ಹೇಳಿದೆ ನೀನು? ನಾನಾಗಿದ್ರೆ ಇಷ್ಟು ಚೆನ್ನಾಗಿ ಹೇಳೋಕೆ ಆಗ್ತಿರ್ಲಿಲ್ಲ. ನಾನಂದ್ಕೊಂಡೆ, ಅಕ್ಕ ಬೇಕಂತಲೇ ಎಳೀತಿದಾಳೆ ಅಂತ. ತಪ್ಪು ತಿಳ್ಕೊಂಡೆ. ಕ್ಷಮಿಸಿಬಿಡು."

"ಎಫೀಮ," ಎಂದಳು ಉಸ್ತೀನ್ಯ. ಅವನ ಭುಜಕ್ಕೆ ಅವಳ ಬಾಯಿ ಒತ್ತಿಹೋಗಿತ್ತು. "ಎಫೀಮ, ನಾನು ಇನ್ನೂ..."

"ಏನೂ ಹೇಳ್ಬೇಡ. ಗೊತ್ತು ನಂಗೆ. ಏನೂ ಹೇಳ್ಬೇಡ."

ಎಲ್ಲರೂ ತಿಂದರು. ಉಸ್ತೀನ್ಯಳ ಬಾಯಲ್ಲಿ ಮೊರೋಶ್ಕಾದ ಬೀಜಗಳು ಮರಳಿನ ಹಾಗೆ ಕರಕರ ಎಂದವು. ಮೇಜಿನ ಆ ಕಡೆ ಕೂತಿದ್ದ ಫ್ಯೋಕ್ಲಜ್ಜಿ ಅವಳತ್ತ ಕಣ್ಣು ಬಿಡುತ್ತಿದ್ದಳು: ಈಗಲಾದರೂ ಹೇಳು. ಲೂಶ ಉಸ್ತೀನ್ಯಳಿಗೆ ಒತ್ತಿಕೊಂಡು ಕೂತು, ತನ್ನ ಪಾಲನ್ನು ಮುಗಿಸಿ, ನೆಂಟರ ಬಟ್ಟಲುಗಳನ್ನೇ ನೋಡುತ್ತಿದ್ದಳು. ಎಫೀಮ ಕೊನೆಯ ಗುಟುಕು ಕುಡಿದು ಬಟ್ಟಲನ್ನು ಮಗುಚಿದ. ಅವನನ್ನು ನೋಡಿ ರಿಮ್ಮಳೂ ಮಗುಚಿದಳು. ಲೂಶ ಮೇಜಿನ ಕೆಳಗೆ ದೊಡ್ಡಮ್ಮನ ಬೆರಳು ಹಿಸುಕಿ, ಕಿವಿಗೆ ಬಾಯಿಟ್ಟಳು.

"ನೋಡ್ದೆಯಾ? ಹೋಗ್ತಾರೆ."

ಉಸ್ತೀನ್ಯ ಅವಳನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದು ಎದ್ದಳು. "ಲೂಶ, ಬಾ ಇಲ್ಲಿ, ಒಂದು ಮಾತು..." ಆದರೆ ಆಗಲೇ ಸಮುದ್ರದ ಕಡೆಯಿಂದ ವಿಮಾನದ ಸದ್ದು ಕೇಳಿಸಿತು. ಅದು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಫೀಮ ಕೋಟಿಗೆ ಕೈ ಹಾಕಿದ. ರಿಮ್ಮ ಒಳಗೆ ಓಡಿ ಪೆಟ್ಟಿಗೆಯ ಬೀಗ ಒತ್ತಿದಳು. "ಅವಳ ಬಟ್ಟೆ ಏನೂ ಬೇಡ ಅಕ್ಕ, ಇಲ್ಲೇ ಇರ್ಲಿ," ಎಂದು ಅಲ್ಲಿಂದಲೇ ಕೂಗಿದಳು, "ಬೇಸಿಗೆಗೆ ಬಂದಾಗ ಬೇಕಾಗುತ್ತೆ." ಆ ಮಾತು ಲೂಶಳ ಕಿವಿಗೆ ಬೀಳಲಿಲ್ಲ. ಅವಳು ಗೋಡೆಗೂಡಿನ ಪಕ್ಕದಲ್ಲಿದ್ದ ನೀಲಿ ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ತರುತ್ತಿದ್ದಳು.

"ಇದನ್ನ ಮರೀಬೇಡಿ," ಎಂದು ರಿಮ್ಮಳ ಕೈಗೆ ಕೊಟ್ಟಳು. "ಆ ಹುಡುಗಿ ಕಾಯ್ತಿರ್ತಾಳೆ."

"ಯಾವ ಹುಡುಗಿ?" ರಿಮ್ಮ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಮಗು ತಮಾಷೆ ಮಾಡುತ್ತಿದೆ ಎಂದುಕೊಂಡಳು.

"ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ," ಎಂದ ಎಫೀಮ.

ಪ್ರಯಾಣಕ್ಕೆ ಮುಂಚೆ ಮನೆಯಲ್ಲಿದ್ದವರೆಲ್ಲ ಒಂದು ಗಳಿಗೆ ಕೂತುಕೊಳ್ಳಬೇಕು, ಮಾತಾಡಬಾರದು. ಮನೆಯ ಹಿರಿಯರು ಮೊದಲು ಏಳಬೇಕು. ಅವರು ಏಳುವವರೆಗೆ ಯಾರೂ ಏಳುವಂತಿಲ್ಲ. ಎಫೀಮ ಪೆಟ್ಟಿಗೆಯ ಮೇಲೆ ಕೂತ. ರಿಮ್ಮ ಮೊಣಕಾಲ ಮೇಲೆ ಚೀಲವಿಟ್ಟುಕೊಂಡು ಅವನ ಪಕ್ಕದಲ್ಲಿ ಕೂತಳು. ಫ್ಯೋಕ್ಲಜ್ಜಿ ಒಲೆಯ ಕಟ್ಟೆಯ ಮೇಲೆ ಕೂತು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಉಸ್ತೀನ್ಯ ಬೆಂಚಿನ ಮೇಲೆ ಕೂತಳು. ಲೂಶ ಮನೆಯವರ ಕಡೆ, ಅವಳ ಪಕ್ಕದಲ್ಲಿ ಕೂತು ಕಾಲು ಆಡಿಸುತ್ತಿದ್ದಳು.

ವಿಮಾನದ ಸದ್ದು ಹತ್ತಿರವಾಗಿ, ಮನೆಯ ಮೇಲೆ ಹಾದು, ಬಯಲಿನ ಕಡೆ ತಗ್ಗಿತು.

ಈ ಮನೆಯ ಹಿರಿಯಳು ತಾನೇ ಎಂಬುದು ಉಸ್ತೀನ್ಯಳಿಗೆ ಹೊಳೆಯಿತು. ತಾನು ಏಳದಿದ್ದರೆ ಯಾರೂ ಏಳುವುದಿಲ್ಲ. ಅವಳು ಕೂತೇ ಇದ್ದಳು. ಮೇಜಿನ ಮೇಲೆ ಉಳಿದ ಪಿರೋಗ್ ತುಣುಕಿನ ಸುತ್ತ ಒಂದು ನೊಣ ತಿರುಗುತ್ತಿತ್ತು. ಎಫೀಮ ತಲೆಯೆತ್ತಿ ಅವಳತ್ತ ನೋಡಿ, ಅವಳ ಸಂಕಟ ತನಗೆ ಅರ್ಥವಾಗುತ್ತದೆ ಎಂಬಂತೆ ಮತ್ತೆ ತಲೆ ತಗ್ಗಿಸಿದ. ಬಯಲಿನ ಕಡೆಯಿಂದ ಯಾರೋ ಶಿಳ್ಳೆ ಹಾಕಿದರು. ಯಾರೂ ಅಲುಗಲಿಲ್ಲ. ಈಗ ಹೇಳಬೇಕು, ಈಗ ಮಾತಾಡುವಂತಿಲ್ಲ. ಬಯಲಿಗೆ ನಡೆದು ಹೋಗುವಾಗ ಹೇಳುತ್ತೇನೆ ಎಂದುಕೊಂಡಳು. ಬೇಲಿ ದಾಟಿದ ಮೇಲೆ, ಬಾವಿಯ ಹತ್ತಿರ. ಅಥವಾ ಬಾವಿ ದಾಟಿದ ಮೇಲೆ.

ಲೂಶ ಅವಳ ತೋಳು ಜಗ್ಗಿದಳು. ಮಾತಾಡಬಾರದೆಂದು ಅವಳಿಗೂ ಗೊತ್ತಿತ್ತು, ಅದಕ್ಕೇ ಉಸಿರಿನಲ್ಲೇ ಹೇಳಿದಳು.

"ಏಳು ದೊಡ್ಡಮ್ಮ. ನೀನು ಎದ್ರೆ ತಾನೇ ಅವರು ಹೋಗೋದು?"

ಉಸ್ತೀನ್ಯ ಎದ್ದಳು.

ಅವಳಿಗಿಂತ ಮುಂಚೆ ಓಡಿದ ಲೂಶ ಬಾಗಿಲನ್ನು ಅಗಲಕ್ಕೆ ತೆರೆದು, ನೆಂಟರಿಗೆ ದಾರಿಬಿಟ್ಟು, ಗೋಡೆಗೆ ಒತ್ತಿಕೊಂಡು ನಿಂತಳು.